ಹೆಪ್ಪುಗಟ್ಟಿದ ಹಾದಿ: ಹಿಮಪ್ರದೇಶದ ರಸ್ತೆಗಳ ಚಳಿಗಾಲದ ರಕ್ಷಣೆ



ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಬಹಳ ಹೊರೆಯನ್ನು ಹೊತ್ತಿದೆ. ಕೊಡಗಿನ ಕಣಿವೆಯನ್ನು ಬೆಳಗಿನ ಜಾವ ಮುಸುಕುವುದೂ ಮಂಜು, ಜನವರಿಯಲ್ಲಿ ದೆಹಲಿಯ ರೈಲುಗಳನ್ನು ತಡಮಾಡಿಸುವುದೂ ಮಂಜು, ಹಿಮಾಲಯದ ಶಿಖರಗಳ ಮೇಲೆ ಬೀಳುವುದೂ ಮಂಜು. ಹಿಮ ಬೀಳದ ನಾಡಿನ ಆಡುಮಾತಿಗೆ ಇದಕ್ಕಿಂತ ಹೆಚ್ಚಿನ ಭೇದ ಬೇಕಾಗಲಿಲ್ಲ. ಆದರೆ ದೆಹಲಿಯಲ್ಲೋ ಪುಣೆಯಲ್ಲೋ ನೆಲೆಸಿರುವ ಕನ್ನಡಿಗ ಕುಟುಂಬವೊಂದು ಡಿಸೆಂಬರ್ ರಜೆಯಲ್ಲಿ ಶಿಮ್ಲಾಕ್ಕೆ ಅಥವಾ ಮನಾಲಿಗೆ ಹೊರಟಾಗ ಈ ಭೇದವನ್ನು ಅರಿತಿರುವುದು ಅವಶ್ಯವಾಗುತ್ತದೆ. ದಟ್ಟ ಮಂಜು ದಾರಿಯನ್ನು ಮರೆಮಾಡುತ್ತದೆ. ಹಿಮವು ದಾರಿಯನ್ನು ಮುಚ್ಚುತ್ತದೆ. ಇವೆರಡೂ ಕಣ್ಣಿಗೆ ಕಾಣುವಂಥವು; ಚಾಲಕನು ತಾನಾಗಿಯೇ ವೇಗವನ್ನು ತಗ್ಗಿಸುತ್ತಾನೆ. ಮೂರನೆಯದಾದ ಮಂಜುಗಡ್ಡೆಯಾದರೋ ಡಾಂಬರಿನ ಮೇಲೆ ಗಾಜಿನಂತೆ ತೆಳ್ಳಗೆ ಹರಡಿಕೊಂಡು, ಈಗತಾನೇ ಮಳೆ ನಿಂತ ರಸ್ತೆಯಂತೆ ತೋರುತ್ತದೆ. ಇಂಗ್ಲಿಷರು ಇದನ್ನು ಕಪ್ಪು ಮಂಜುಗಡ್ಡೆ ಎಂದು ಕರೆದರು. ಅದು ಕಪ್ಪಾಗಿರುವುದಿಲ್ಲ, ಪಾರದರ್ಶಕವಾಗಿರುವುದರಿಂದ ಕೆಳಗಿನ ಡಾಂಬರಿನ ಬಣ್ಣವೇ ಕಾಣುತ್ತದೆ, ಅಷ್ಟೆ.

ಅಪಾಯದ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ಊಹಿಸಬಹುದು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸಾಗುವ ಕಾರು, ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಸ್ಥಳದಿಂದ ಸುಮಾರು 9 ಮೀಟರು ಚಲಿಸಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಗಾಲಿಗೂ ನೆಲಕ್ಕೂ ನಡುವಿನ ಘರ್ಷಣೆ ಏಳನೆಯ ಒಂದು ಭಾಗಕ್ಕೆ ಇಳಿದರೆ, ಅದೇ ಕಾರು 60 ಮೀಟರಿಗೂ ಹೆಚ್ಚು ದೂರ ಜಾರುತ್ತದೆ. ಬೆಟ್ಟದ ರಸ್ತೆಯ ಇಳಿಜಾರಿನಲ್ಲಿ ಈ ಅಂತರ ಇನ್ನೂ ಬೆಳೆಯುತ್ತದೆ. ಅಷ್ಟು ದೂರ ನೇರವಾಗಿರುವ ರಸ್ತೆಯೇ ಅಲ್ಲಿ ಅಪರೂಪ.

ಇಂತಹ ರಸ್ತೆಗಳನ್ನು ಸುರಕ್ಷಿತವಾಗಿಡುವ ಹೊಣೆ ಭಾರತದಲ್ಲಿ ಒಂದೇ ಸಂಸ್ಥೆಗೆ ಸೇರಿಲ್ಲ. 1960ರ ಮೇ 7ರಂದು ಸ್ಥಾಪಿತವಾದ ಗಡಿ ರಸ್ತೆ ಸಂಸ್ಥೆಯು ಗಡಿಭಾಗದ ಎತ್ತರದ ಕಣಿವೆಮಾರ್ಗಗಳನ್ನು ನೋಡಿಕೊಳ್ಳುತ್ತದೆ. ಹಿಮಾಚಲ ಪ್ರದೇಶದಲ್ಲಿ ರಾಜ್ಯದ ಹೆಚ್ಚಿನ ರಸ್ತೆಗಳು ಲೋಕೋಪಯೋಗಿ ಇಲಾಖೆಯ ವಶದಲ್ಲಿವೆ. ಶಿಮ್ಲಾ ನಗರದ ಒಳದಾರಿಗಳು, ಕಾಲುದಾರಿಗಳು ಮತ್ತು ಮನೆಯಿಂದ ಮನೆಗೆ ಇಳಿಯುವ ಮೆಟ್ಟಿಲುಸಾಲುಗಳು ಮಹಾನಗರಪಾಲಿಕೆಗೆ ಬರುತ್ತವೆ. ಶ್ರೀನಗರದಲ್ಲಿ ಯಂತ್ರಗಳಿಂದ ಹಿಮವನ್ನು ತೆರವುಗೊಳಿಸುವ ಕಾರ್ಯವನ್ನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಇಲಾಖೆಯು ನಿರ್ವಹಿಸಿದರೆ, ಗಲ್ಲಿಗಳಲ್ಲಿ ಪುರಾಡಳಿತದ ಕಾರ್ಮಿಕರು ಸಲಿಕೆ ಹಿಡಿಯುತ್ತಾರೆ. ಇವರೆಲ್ಲರ ಕೆಲಸವನ್ನು ಹೊಂದಿಸಿಕೊಂಡು ಹೋಗುವುದು ಜಿಲ್ಲಾಡಳಿತದ ಪಾಲಿನದು. ಹೊರಗಿನಿಂದ ನೋಡುವವರಿಗೆ ಇದು ಗೊಂದಲವಾಗಿ ಕಾಣಬಹುದು. ಕೆಲವೊಮ್ಮೆ ಗೊಂದಲವಾಗುವುದೂ ಉಂಟು. ಒಂದು ಇಲಾಖೆಯ ಯಂತ್ರ ಎಲ್ಲಿ ಹಿಂತಿರುಗಿತೋ ಅಲ್ಲಿಂದ ಮತ್ತೊಂದು ಇಲಾಖೆಯ ರಸ್ತೆ ಆರಂಭವಾಗುತ್ತದೆ; ನಡುವಿನ ತಿರುವು ಯಾರದೆಂದು ತೀರ್ಮಾನವಾಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ.

ಮಂಜುಗಡ್ಡೆ ಕಟ್ಟುವ ಬಗೆಯನ್ನು ಅರಿತರೆ ಆಡಳಿತದ ಕಷ್ಟವೂ ಅರ್ಥವಾಗುತ್ತದೆ. ಹಿಮ ಬೀಳುತ್ತಿರುವ ರಾತ್ರಿಗಿಂತ ಹಿಮ ನಿಂತು ಆಕಾಶ ತಿಳಿಯಾದ ರಾತ್ರಿ ಹೆಚ್ಚು ಅಪಾಯಕರ. ಮೋಡಗಳು ನೆಲಕ್ಕೆ ಹೊದಿಕೆಯಂತಿರುತ್ತವೆ. ಅವು ಸರಿದಾಗ ನೆಲದ ಶಾಖವು ಆಕಾಶಕ್ಕೆ ಹೊರಟುಹೋಗಿ, ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದಾಗಲೂ ರಸ್ತೆಯ ಮೇಲ್ಮೈ ಸೊನ್ನೆಗಿಂತ ಕೆಳಗೆ ಇಳಿಯಬಲ್ಲದು. ಹಗಲಿನ ಬಿಸಿಲಿಗೆ ಇಳಿಜಾರಿನ ಹಿಮ ಕರಗಿ ರಸ್ತೆಯನ್ನು ದಾಟಿ ಹರಿಯುತ್ತದೆ. ಸಂಜೆ ಆ ನೀರು ಹರಿಯುತ್ತಿರುವಂತೆಯೇ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಿಗ್ಗೆ ನೀಲಿ ಆಕಾಶವನ್ನೂ ಹೊಳೆಯುವ ಶಿಖರಗಳನ್ನೂ ಕಂಡು ಪ್ರವಾಸಿಗರು ಉತ್ಸಾಹದಿಂದ ಹೊರಡುವ ಹೊತ್ತೇ ರಸ್ತೆಯು ಅತ್ಯಂತ ಜಾರುವ ಹೊತ್ತು. ಸೇತುವೆಗಳು ಮೇಲಿನಿಂದಲೂ ಕೆಳಗಿನಿಂದಲೂ ತಣ್ಣಗಾಗುವುದರಿಂದ ಮೊದಲು ಹೆಪ್ಪುಗಟ್ಟುತ್ತವೆ. ಉತ್ತರಕ್ಕೆ ಮುಖಮಾಡಿದ ತಿರುವುಗಳು, ದೇವದಾರು ಮರಗಳ ನೆರಳಿನಲ್ಲಿರುವ ಭಾಗಗಳು ದಿನವಿಡೀ ಕರಗುವುದಿಲ್ಲ. ಶಿಮ್ಲಾದ ಸಮೀಪ ಢಲ್ಲಿಯಿಂದ ಕುಫ್ರಿಯ ಕಡೆಗೆ ಏರುವ ರಸ್ತೆ ಇದೇ ಕಾರಣಕ್ಕೆ ಪ್ರತಿ ಚಳಿಗಾಲದಲ್ಲೂ ಸುದ್ದಿಯಾಗುತ್ತದೆ.

ಆದುದರಿಂದ ಚಳಿಗಾಲದ ಮೊದಲ ಕೆಲಸಕ್ಕೂ ಹಿಮಕ್ಕೂ ಸಂಬಂಧವೇ ಇಲ್ಲವೆಂದು ತೋರಬಹುದು. ಅದು ಚರಂಡಿಗಳನ್ನು ಹೂಳೆತ್ತಿ ಸ್ವಚ್ಛಗೊಳಿಸುವುದು. ಮಳೆಗಾಲದಲ್ಲಿ ಗುಡ್ಡದಿಂದ ಕುಸಿದ ಮಣ್ಣು ಪಕ್ಕದ ಚರಂಡಿಯಲ್ಲಿ ತುಂಬಿದ್ದರೆ, ಜನವರಿಯಲ್ಲಿ ಕರಗಿದ ನೀರು ರಸ್ತೆಯ ಮೇಲೆಯೇ ಹರಿಯಬೇಕಾಗುತ್ತದೆ. ಒಡೆದ ನೀರಿನ ಕೊಳವೆಯೊಂದು, ತೊಟ್ಟಿಕ್ಕುವ ಸಾರ್ವಜನಿಕ ನಲ್ಲಿಯೊಂದು ಒಂದು ರಾತ್ರಿಯಲ್ಲಿ ಇಡೀ ತಿರುವನ್ನು ಗಾಜಾಗಿಸಬಲ್ಲದು. ಅಕ್ಟೋಬರ್ ತಿಂಗಳಲ್ಲಿ ಗುದ್ದಲಿ ಹಿಡಿದು ಚರಂಡಿ ತೋಡುವ ಕಾರ್ಮಿಕನ ಚಿತ್ರ ಪತ್ರಿಕೆಗಳಲ್ಲಿ ಬರುವುದಿಲ್ಲ. ಹಿಮವನ್ನು ಚಿಮ್ಮಿಸುವ ದೊಡ್ಡ ಯಂತ್ರದ ಚಿತ್ರ ಬರುತ್ತದೆ. ಆದರೆ ಜೀವಗಳನ್ನು ಉಳಿಸುವುದರಲ್ಲಿ ಆ ಗುದ್ದಲಿಯ ಪಾಲು ಕಡಿಮೆಯದಲ್ಲ.

ಚರಂಡಿಗಳ ಕೆಲಸ ಮುಗಿಯುತ್ತಿದ್ದಂತೆ ಮರಳಿನ ಸಂಗ್ರಹಣೆ ಆರಂಭವಾಗುತ್ತದೆ. ಜಾರುವ ತಿರುವುಗಳ ಪಕ್ಕದಲ್ಲಿ ಅಲ್ಲಲ್ಲಿ ಮರಳಿನ ರಾಶಿ ಹಾಕಿಡುತ್ತಾರೆ. ಮರಳು ಮಂಜುಗಡ್ಡೆಯನ್ನು ಕರಗಿಸುವುದಿಲ್ಲ. ಗಾಲಿಗೆ ಹಿಡಿತ ಕೊಡುತ್ತದೆ. ನದಿಯಲ್ಲಿ ಉರುಳಿ ನುಣುಪಾದ ಸಣ್ಣ ಮರಳಿಗಿಂತ ಮೂಲೆಗಳುಳ್ಳ ಒರಟು ಜಲ್ಲಿಪುಡಿಯೇ ಮೇಲು. ರಾಶಿಯು ಒದ್ದೆಯಾಗಿದ್ದರೆ ಅದೇ ಹೆಪ್ಪುಗಟ್ಟಿ ಬಂಡೆಯಾಗುತ್ತದೆ. ಬೇಕಾದ ಹೊತ್ತಿನಲ್ಲಿ ಸಲಿಕೆ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಮುಚ್ಚಿಡುವುದು, ಸ್ವಲ್ಪ ಉಪ್ಪು ಬೆರೆಸಿಡುವುದು ರೂಢಿಯ ಉಪಾಯಗಳು. ಹರಡಿದ ಮರಳು ವಾಹನಗಳ ಓಡಾಟಕ್ಕೆ ಅಂಚಿಗೆ ಸರಿದುಹೋಗುವುದರಿಂದ ಬೆಳಿಗ್ಗೆ ಹಾಕಿದ ಮರಳನ್ನು ಸಂಜೆ ಮತ್ತೆ ಹಾಕಬೇಕು. ಬೆಟ್ಟದ ಊರುಗಳಲ್ಲಿ ಜನರು ಒಲೆಯ ಬೂದಿಯನ್ನು ಮನೆಯ ಮುಂದಿನ ಮೆಟ್ಟಿಲುಗಳ ಮೇಲೆ ಚೆಲ್ಲುವುದುಂಟು. ಇದು ಹಳೆಯ, ಅಗ್ಗದ ಮತ್ತು ಸಾಕಷ್ಟು ಫಲಕಾರಿಯಾದ ಕ್ರಮ.

ಮರಳಿಗೆ ಬದಲಾಗಿ ಉಪ್ಪನ್ನೇ ಏಕೆ ಧಾರಾಳವಾಗಿ ಚೆಲ್ಲಬಾರದು ಎಂಬ ಪ್ರಶ್ನೆ ಸಹಜ. ಯೂರೋಪ್ ಮತ್ತು ಅಮೆರಿಕಗಳಲ್ಲಿ ಉಪ್ಪೇ ಮುಖ್ಯ ಸಾಧನ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟದು. ನೂರು ಭಾಗ ದ್ರಾವಣದಲ್ಲಿ ಸುಮಾರು 23 ಭಾಗ ಉಪ್ಪಿದ್ದರೆ ಅದು ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ನೀರಾಗಿಯೇ ಉಳಿಯಬಲ್ಲದು. ಇದು ಪ್ರಯೋಗಶಾಲೆಯ ಮಾತು. ರಸ್ತೆಯ ಮೇಲೆ ಉಷ್ಣತೆಯು ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿದರೆ ಅಡುಗೆಯ ಉಪ್ಪಿನ ಕೆಲಸ ಬಹಳ ಮಂದವಾಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಲಡಾಖಿನ ಉಷ್ಣತೆ ಇದಕ್ಕಿಂತಲೂ ಎಷ್ಟೋ ಕೆಳಗೆ ಹೋಗುವುದರಿಂದ ಅಲ್ಲಿ ಉಪ್ಪನ್ನು ನಂಬಿ ಕೂರುವಂತಿಲ್ಲ. ಕ್ಯಾಲ್ಸಿಯಂ ಕ್ಲೋರೈಡು ಇನ್ನೂ ಕಡಿಮೆ ಉಷ್ಣತೆಯಲ್ಲಿ ಕೆಲಸ ಮಾಡುತ್ತದೆ, ಆದರೆ ಬೆಲೆ ಹೆಚ್ಚು. ಇದಲ್ಲದೆ ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ. ಅದು ಸೇತುವೆಯ ಉಕ್ಕನ್ನು ತಿನ್ನುತ್ತದೆ, ರಸ್ತೆಯಂಚಿನ ಮರಗಳ ಬೇರಿಗೆ ಇಳಿಯುತ್ತದೆ, ಕರಗಿದ ನೀರಿನೊಡನೆ ಕೆಳಗಿನ ಒರತೆಯನ್ನು ಸೇರುತ್ತದೆ. ರಸ್ತೆಯ ಕೆಳಗಿನ ಇಳಿಜಾರಿನ ಹಳ್ಳಿಯು ಅದೇ ಒರತೆಯಿಂದ ಕುಡಿಯುವ ನೀರು ಪಡೆಯುತ್ತಿದ್ದರೆ, ಮೇಲಿನ ಪ್ರವಾಸಿಯ ಸುರಕ್ಷತೆಗಾಗಿ ಕೆಳಗಿನ ಕುಟುಂಬ ಬೆಲೆ ತೆರಬೇಕಾಗುತ್ತದೆ. ಬೆಟ್ಟದ ನಾಡಿನಲ್ಲಿ ಉಪ್ಪನ್ನು ಹದವರಿತು, ಸೇತುವೆ ಹಾಗೂ ಕಡಿದಾದ ಏರುಗಳಂತಹ ಆಯ್ದ ಸ್ಥಳಗಳಿಗೆ ಮಾತ್ರ ಬಳಸುವುದು ವಿವೇಕದ ಮಾರ್ಗ.

ಹಾಗಿದ್ದರೂ ಉಪ್ಪಿನ ನಾಡುಗಳಿಂದ ಕಲಿಯಬೇಕಾದ ಒಂದು ಅಂಶವಿದೆ: ಅದು ಹೊತ್ತಿನ ಲೆಕ್ಕ. ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ರಸ್ತೆಯೊಳಗೆ ಹುದುಗಿಸಿದ ಉಷ್ಣಮಾಪಕಗಳನ್ನೂ ರಸ್ತೆಯ ಮೇಲ್ಮೈಗೆಂದೇ ಸಿದ್ಧಪಡಿಸಿದ ಹವಾಮಾನ ಮುನ್ಸೂಚನೆಯನ್ನೂ ಆಧರಿಸಿ, ಮಂಜುಗಡ್ಡೆ ಕಟ್ಟುವ ಮೊದಲೇ ಉಪ್ಪನ್ನು ಹರಡುತ್ತವೆ. ಕಟ್ಟಿದ ಮಂಜುಗಡ್ಡೆಯನ್ನು ಕರಗಿಸಲು ಬೇಕಾಗುವ ಉಪ್ಪು, ಕಟ್ಟದಂತೆ ತಡೆಯಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು. ಆ ದೇಶದಲ್ಲಿ ಈ ಹೊಣೆಗೆ ಕಾನೂನಿನ ಇತಿಹಾಸವೂ ಇದೆ. ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯದಲ್ಲಿ ಮಂಜುಗಡ್ಡೆಯನ್ನು ತೆಗೆಯುವ ಕರ್ತವ್ಯ ಅಡಕವಾಗಿಲ್ಲವೆಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆ 2000ದಲ್ಲಿ ತೀರ್ಪಿತ್ತಿತು. 2003ರ ಜನವರಿ ಕೊನೆಯಲ್ಲಿ ಹಿಮ ಬಿದ್ದಾಗ ಲಂಡನ್ನಿನ ಉತ್ತರದ ಹೆದ್ದಾರಿಯಲ್ಲಿ ಜನರು ಇಡೀ ರಾತ್ರಿ ವಾಹನಗಳಲ್ಲೇ ಕಳೆಯಬೇಕಾಯಿತು. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವಂತೆ, ಹಿಮ ಮತ್ತು ಮಂಜುಗಡ್ಡೆಯಿಂದ ಸಂಚಾರಕ್ಕೆ ಅಪಾಯವಾಗದಂತೆ ಕಾರ್ಯಸಾಧ್ಯವಾದ ಮಟ್ಟಿಗೆ ನೋಡಿಕೊಳ್ಳುವುದು ರಸ್ತೆಯ ಅಧಿಕಾರಿಗಳ ಕರ್ತವ್ಯವೆಂದು ಸಂಸತ್ತು ಕಾಯಿದೆಯಲ್ಲಿ ಸೇರಿಸಿತು. ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬ ಮಾತಿನಲ್ಲೇ ವಿಷಯದ ತಿರುಳಿದೆ. 2010ರ ಆರಂಭದ ದೀರ್ಘ ಚಳಿಯಲ್ಲಿ ಉಪ್ಪಿನ ದಾಸ್ತಾನು ತೀರುತ್ತ ಬಂದು, ಬಳಕೆಯನ್ನು ತಗ್ಗಿಸುವಂತೆ ಸರ್ಕಾರವೇ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಬೇಕಾಯಿತು. ಅನುಕೂಲಸ್ಥ ದೇಶಕ್ಕೂ ಎಲ್ಲ ರಸ್ತೆಗಳಿಗೆ ಸಾಲುವಷ್ಟು ಉಪ್ಪಿರಲಿಲ್ಲ.

ಸಾಲದಿರುವುದನ್ನು ಹಂಚುವುದೇ ಈ ಕಾರ್ಯದ ನಿಜವಾದ ಪರೀಕ್ಷೆ. ಹಿಮ ಬಿದ್ದ ಬೆಳಿಗ್ಗೆ ಜಿಲ್ಲೆಯಲ್ಲಿ ನೂರಾರು ರಸ್ತೆಗಳು ಮುಚ್ಚಿರುತ್ತವೆ. ಯಂತ್ರಗಳು ಅದರ ಒಂದು ಅಲ್ಪ ಭಾಗದಷ್ಟಿರುತ್ತವೆ. ಯಾವ ರಸ್ತೆ ಮೊದಲು ಎಂಬ ಪಟ್ಟಿ ಆಗ ಬರೆಯುವಂಥದಲ್ಲ, ನವೆಂಬರಿನಲ್ಲಿಯೇ ಸಿದ್ಧವಾಗಿರಬೇಕಾದುದು. ಆಸ್ಪತ್ರೆಗೆ ಹೋಗುವ ರಸ್ತೆ ಅದರ ಮೇಲ್ತುದಿಯಲ್ಲಿರುತ್ತದೆ: ಶಿಮ್ಲಾದಲ್ಲಿ ಇಂದಿರಾ ಗಾಂಧಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯ ಕಡೆಗಿನದು, ಹೆರಿಗೆಯ ಆಸ್ಪತ್ರೆಯ ಕಡೆಗಿನದು. ಬಳಿಕ ಅಗ್ನಿಶಾಮಕ ಠಾಣೆ, ವಿದ್ಯುತ್ ಉಪಕೇಂದ್ರ, ನೀರೆತ್ತುವ ಯಂತ್ರಾಗಾರ, ಹಾಲು ಮತ್ತು ತರಕಾರಿ ಬರುವ ಹೆದ್ದಾರಿ. 2017ರ ಜನವರಿ ಮೊದಲ ವಾರಾಂತ್ಯದಲ್ಲಿ ಶಿಮ್ಲಾದಲ್ಲಿ ಸುರಿದ ಭಾರಿ ಹಿಮದಿಂದ ನಗರದ ಅನೇಕ ಬಡಾವಣೆಗಳು ವಿದ್ಯುತ್ತು, ನೀರುಗಳಿಲ್ಲದೆ ದಿನಗಳನ್ನು ಕಳೆದವು. ರಸ್ತೆ ಮುಚ್ಚಿದರೆ ತಂತಿಯನ್ನು ದುರಸ್ತಿ ಮಾಡುವವನು ತಲುಪಲಾರ; ವಿದ್ಯುತ್ತಿಲ್ಲದಿದ್ದರೆ ನೀರು ಬೆಟ್ಟವೇರದು. ಒಂದರ ಬಾಲ ಮತ್ತೊಂದರ ಬಾಯಲ್ಲಿರುತ್ತದೆ.

ಪಟ್ಟಿಗೆ ಮೇಲ್ತುದಿ ಇದ್ದಂತೆ ಕೆಳತುದಿಯೂ ಇರುತ್ತದೆ. ಅಲ್ಲಿ ಇರುವವರು ಮತದಾರರೇ, ಅವರಿಗೂ ಎದೆನೋವು ಬರುತ್ತದೆ, ಅವರ ಮನೆಯಲ್ಲೂ ಬಸುರಿಯರಿರುತ್ತಾರೆ. ದೂರದ ಹಳ್ಳಿಗೆ ಯಂತ್ರ ತಲುಪಲು ಹಲವು ದಿನಗಳಾಗುವುದೆಂದು ಮೊದಲೇ ಗೊತ್ತಿರುವಾಗ, ಆಡಳಿತವು ರಸ್ತೆಯನ್ನು ಬಿಟ್ಟು ಮನುಷ್ಯನನ್ನು ಕುರಿತು ಯೋಚಿಸಬೇಕಾಗುತ್ತದೆ. ಕಾಶ್ಮೀರದ ಗುರೇಜ್ ಕಣಿವೆಯ ರಸ್ತೆ ಹಿಮದಿಂದ ತಿಂಗಳುಗಟ್ಟಲೆ ಮುಚ್ಚುತ್ತದೆ. ಇಂತಹ ಪ್ರದೇಶಗಳಲ್ಲಿ ಹೆರಿಗೆಯ ದಿನ ಹತ್ತಿರವಾದ ಗರ್ಭಿಣಿಯರ ಪಟ್ಟಿ ಮಾಡಿ, ಅವರನ್ನು ಮುಂಚಿತವಾಗಿಯೇ ಆಸ್ಪತ್ರೆಯಿರುವ ಊರಿಗೆ ಕರೆತರುವ ಪದ್ಧತಿಯಿದೆ. ದಾರಿ ಮುಚ್ಚಿದ ಮೇಲೆ ರೋಗಿಗಳಿಗೆ ಹೆಲಿಕಾಪ್ಟರೇ ಗತಿ. ಪಡಿತರ, ಸೌದೆ, ಔಷಧಿಗಳನ್ನು ಚಳಿಗಾಲಕ್ಕೆ ಮೊದಲೇ ತಲುಪಿಸಿ ದಾಸ್ತಾನು ಮಾಡುವುದು ಇದೇ ಯೋಚನೆಯ ಭಾಗ. ರಸ್ತೆ ತೆರೆಯಲಾಗದಿದ್ದರೆ ಆ ರಸ್ತೆಯ ಅವಶ್ಯಕತೆಯನ್ನಾದರೂ ಕಡಿಮೆ ಮಾಡಬೇಕು.

ಹಿಮ ತೆರವಿನ ಯಂತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಡೋಜರು ಹಿಮವನ್ನು ತಳ್ಳುತ್ತದೆ, ತಿರುಗುವ ಅಲಗುಗಳುಳ್ಳ ಯಂತ್ರವು ಅದನ್ನು ಕತ್ತರಿಸಿ ದೂರಕ್ಕೆ ಚಿಮ್ಮಿಸುತ್ತದೆ, ಊರಿನೊಳಗೆ ಎಲ್ಲರಿಗೂ ಪರಿಚಿತವಾದ ಜೆಸಿಬಿಯೇ ದುಡಿಯುತ್ತದೆ. ಗಮನಿಸಬೇಕಾದುದು ಒಂದೇ: ಯಾವ ಅಲಗೂ ನೆಲವನ್ನು ಪೂರ್ತಿ ಕೆರೆಯುವುದಿಲ್ಲ. ಕೆಳಗೆ ಉಳಿದ ತೆಳುವಾದ ಹಿಮವನ್ನು ಗಾಲಿಗಳು ತುಳಿದು ತುಳಿದು ನುಣುಪಾಗಿಸುತ್ತವೆ. ‘ರಸ್ತೆ ತೆರೆದಿದೆ’ ಎಂಬ ಪ್ರಕಟಣೆಗೂ ‘ರಸ್ತೆ ಸುರಕ್ಷಿತವಾಗಿದೆ’ ಎಂಬುದಕ್ಕೂ ನಡುವೆ ಆ ತೆಳುಪದರದಷ್ಟು ವ್ಯತ್ಯಾಸವಿದೆ. ಅದಕ್ಕಾಗಿಯೇ ಕಾಶ್ಮೀರದ ತಂಗಮಾರ್ಗದಿಂದ ಗುಲ್ಮಾರ್ಗಕ್ಕೆ ಏರುವ ರಸ್ತೆಯಲ್ಲಿ, ಹಿಮವಿರುವಾಗ ಗಾಲಿಗಳಿಗೆ ಸರಪಣಿ ಕಟ್ಟಿದ ಅಥವಾ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವಿರುವ ವಾಹನಗಳನ್ನು ಮಾತ್ರ ಬಿಡಲಾಗುತ್ತದೆ. ಬಯಲುಸೀಮೆಯಿಂದ ಬಂದ ಚಾಲಕನಿಗೆ ಪೊಲೀಸರ ಈ ತಡೆ ಕಿರುಕುಳವಾಗಿ ಕಾಣುವುದುಂಟು.

ತಡೆಯುವುದು, ಅಂದರೆ ರಸ್ತೆಯನ್ನು ಮುಚ್ಚುವುದು, ಆಡಳಿತದ ಅತ್ಯಂತ ಕಠಿಣ ನಿರ್ಧಾರ. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು ಮನಾಲಿಯಿಂದ ಲಾಹೌಲ್ ಕಣಿವೆಗೆ ಹೋಗುವ ದಾರಿಯನ್ನು 46 ಕಿಲೋಮೀಟರಿನಷ್ಟು ಕಡಿಮೆ ಮಾಡಿತು. ಅದಕ್ಕೆ ಮುಂಚೆ ರೋಹ್ತಾಂಗ್ ಕಣಿವೆಮಾರ್ಗ ಮುಚ್ಚಿದೊಡನೆ ಲಾಹೌಲ್ ಜನತೆ ತಿಂಗಳುಗಟ್ಟಲೆ ಹೊರಜಗತ್ತಿನಿಂದ ಬೇರ್ಪಡುತ್ತಿದ್ದರು. ಸುರಂಗವು ಅವರ ಬಾಳಿಗೆ ದೊಡ್ಡ ಆಸರೆ. ಆದರೆ ಸುರಂಗದೊಳಗೆ ಹಿಮ ಬೀಳದಿದ್ದರೂ ಅದರ ಎರಡೂ ಬಾಯಿಗಳು ಹತ್ತು ಸಾವಿರ ಅಡಿಗಳ ಎತ್ತರದಲ್ಲಿ, ಹಿಮದ ನಡುವೆಯೇ ತೆರೆಯುತ್ತವೆ. 2024ರ ಡಿಸೆಂಬರ್ 23ರಂದು ಹಿಮ ಸುರಿಯತೊಡಗಿದಾಗ ಸೋಲಂಗ್ ಮತ್ತು ಸುರಂಗದ ನಡುವೆ ಸುಮಾರು ಒಂದು ಸಾವಿರ ವಾಹನಗಳು ಸಿಲುಕಿದವು. ಪೊಲೀಸರು ರಾತ್ರಿಯೆಲ್ಲ ಪ್ರವಾಸಿಗರನ್ನು ಕೆಳಗಿಳಿಸಬೇಕಾಯಿತು. ಹಿಮ ಕಾಣಲೆಂದು ಬಂದವರಿಗೆ ‘ಹಿಮ ಬರುತ್ತಿದೆ, ಹಿಂದಿರುಗಿ’ ಎಂದು ಹೇಳುವುದು ಸುಲಭವಲ್ಲ. ಹೋಟೆಲಿನವರಿಗೆ ನಷ್ಟ, ಟ್ಯಾಕ್ಸಿಯವರಿಗೆ ನಷ್ಟ, ಹಿಮ ಬೀಳದೆ ಹೋದರೆ ಅಧಿಕಾರಿಗೆ ನಗೆಪಾಟಲು.

ಹೇಳದೆ ಹೋದರೆ ಏನಾಗಬಹುದೆಂಬುದಕ್ಕೆ ನೆರೆಯ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದ ದುರಂತ ಸಾಕ್ಷಿ. 2022ರ ಜನವರಿ 7 ಮತ್ತು 8ರ ನಡುವಿನ ರಾತ್ರಿ ಅಲ್ಲಿ ಭಾರಿ ಹಿಮಪಾತದಲ್ಲಿ ಸಾವಿರಾರು ವಾಹನಗಳು ಸಿಲುಕಿ, ಇಪ್ಪತ್ತಕ್ಕೂ ಹೆಚ್ಚು ಜನರು, ಅವರಲ್ಲಿ ಮಕ್ಕಳೂ ಸೇರಿದಂತೆ, ತಮ್ಮ ಕಾರುಗಳಲ್ಲಿಯೇ ಮೃತಪಟ್ಟರು. ಹಿಮದಲ್ಲಿ ಹೂತ ಕಾರಿನ ಹೊಗೆಕೊಳವೆ ಮುಚ್ಚಿಹೋಗಿ, ಶಾಖಕ್ಕಾಗಿ ಎಂಜಿನನ್ನು ಚಾಲೂ ಇಟ್ಟಾಗ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಗೆ ತುಂಬಿ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ. ಸಿಲುಕಿಕೊಂಡವರು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ತೆಗೆಯಬೇಕು, ಗಾಳಿ ಬೀಸದ ಕಡೆಯ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು, ಎಂಜಿನನ್ನು ಬಿಟ್ಟು ಬಿಟ್ಟು ಸ್ವಲ್ಪ ಹೊತ್ತು ಮಾತ್ರ ನಡೆಸಬೇಕು. ಇಷ್ಟು ತಿಳಿವಳಿಕೆಯನ್ನು ಪ್ರತಿಯೊಬ್ಬ ಪ್ರಯಾಣಿಕನೂ ಮನೆಯಿಂದಲೇ ಒಯ್ಯಬಹುದು. ಕಂಬಳಿ, ಕುಡಿಯುವ ನೀರು, ಒಂದು ಟಾರ್ಚು, ತುಂಬಿದ ಇಂಧನದ ಟ್ಯಾಂಕು ಇವುಗಳ ಜೊತೆಗೆ ಭಾರತ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ಹೊರಡುವ ಮುನ್ನ ನೋಡುವುದೂ ಸೇರಬೇಕು. ಹಳದಿ ಬಣ್ಣ ಗಮನವಿಡಲು, ಕಿತ್ತಳೆ ಸಿದ್ಧರಾಗಿರಲು, ಕೆಂಪು ಕ್ರಮಕ್ಕೆ ತೊಡಗಲು ಎಂಬುದು ಅದರ ಸಂಕೇತ.

ಮಂಜುಗಡ್ಡೆಯ ಮೇಲೆ ಕಾರು ಜಾರತೊಡಗಿದಾಗ ಬಲವಾಗಿ ಬ್ರೇಕು ಒತ್ತುವುದು ಸಹಜ ಪ್ರವೃತ್ತಿ. ಅದೇ ಅಪಾಯವನ್ನು ಹೆಚ್ಚಿಸುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ಹಿಡಿತದಲ್ಲಿ ನಿಧಾನವಾಗಿ ಇಳಿಯಬೇಕೆಂದು ಬೆಟ್ಟದ ಚಾಲಕರು ಬಲ್ಲರು. ಸ್ಥಳೀಯ ಟ್ಯಾಕ್ಸಿಯವನು ‘ಬಿಸಿಲೇರಲಿ, ಹತ್ತು ಗಂಟೆಗೆ ಹೊರಡೋಣ’ ಎಂದರೆ ಅದನ್ನು ಸೋಮಾರಿತನವೆಂದು ಎಣಿಸಬಾರದು.

ಇನ್ನೂ ಎತ್ತರದಲ್ಲಿ ಮಂಜುಗಡ್ಡೆಗಿಂತ ಹಿಮಕುಸಿತದ ಭಯ ಹೆಚ್ಚು. ಕಾಶ್ಮೀರ ಮತ್ತು ಲಡಾಖನ್ನು ಜೋಡಿಸುವ ಜೋಜಿಲಾ ಕಣಿವೆಮಾರ್ಗ 11,500 ಅಡಿಗೂ ಎತ್ತರದಲ್ಲಿದೆ. ಹಿಂದೆ ಅದು ಐದಾರು ತಿಂಗಳು ಮುಚ್ಚಿರುತ್ತಿತ್ತು. ಗಡಿ ರಸ್ತೆ ಸಂಸ್ಥೆಯ ಎರಡು ತಂಡಗಳು ಎರಡು ಕಡೆಯಿಂದ ಹಿಮವನ್ನು ಕಡಿಯುತ್ತ ಬಂದು ನಡುವೆ ಸಂಧಿಸುತ್ತವೆ. 2023ರಲ್ಲಿ ಮಾರ್ಗವು 68 ದಿನಗಳ ಬಳಿಕ, 2024ರಲ್ಲಿ 35 ದಿನಗಳ ಬಳಿಕ, 2025ರಲ್ಲಿ 32 ದಿನಗಳ ಬಳಿಕ ತೆರೆಯಿತು. ಯಾವ ದಿನ ಇಳಿಜಾರಿನ ಹಿಮ ಸಡಿಲವಾಗಿದೆ, ಯಾವ ದಿನ ಕಾರ್ಮಿಕರನ್ನು ಮೇಲಕ್ಕೆ ಕಳುಹಿಸಬಾರದು ಎಂಬ ಮುನ್ಸೂಚನೆಯ ಕೆಲಸ 1969ರಲ್ಲಿ ಸ್ಥಾಪಿತವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯದಾಗಿತ್ತು. 2020ರಲ್ಲಿ ಅದು ರಕ್ಷಣಾ ಸಂಶೋಧನಾ ಇಲಾಖೆಯ ಮತ್ತೊಂದು ಪ್ರಯೋಗಾಲಯದೊಡನೆ ವಿಲೀನಗೊಂಡಿತು. ದಿನಗಳ ಸಂಖ್ಯೆ ಇಳಿದಷ್ಟೂ ಕಾರ್ಮಿಕರು ಹೆಚ್ಚು ಅಪಾಯದ ದಿನಗಳಲ್ಲಿ ಮೇಲಿರುತ್ತಾರೆಂಬುದನ್ನು ಈ ಅಂಕಿಗಳನ್ನು ಓದುವವರು ಮರೆಯುವಂತಿಲ್ಲ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ತೀವ್ರ ಚಳಿಯನ್ನು ಚಿಲ್ಲೆ ಕಲಾನ್ ಎನ್ನುತ್ತಾರೆ. ಬಳಿಕ 20 ದಿನಗಳ ಚಿಲ್ಲೆ ಖುರ್ದ್, ಆಮೇಲೆ 10 ದಿನಗಳ ಚಿಲ್ಲೆ ಬಚ್ಚಾ. ಈ 70 ದಿನಗಳು ಕಳೆದ ಮೇಲೂ ರಸ್ತೆಯ ಕೆಲಸ ನಿಲ್ಲುವುದಿಲ್ಲ. ಡಾಂಬರಿನ ಬಿರುಕಿನೊಳಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬಿ, ಕರಗಿ, ಮತ್ತೆ ಉಬ್ಬಿ, ಮಾರ್ಚಿಯ ಹೊತ್ತಿಗೆ ರಸ್ತೆಯ ತುಂಬ ಗುಂಡಿಗಳಾಗಿರುತ್ತವೆ. ಚಳಿಗಾಲವಿಡೀ ಹರಡಿದ ಮರಳು ಒಣಗಿದ ರಸ್ತೆಯಲ್ಲಿ ಈಗ ತಾನೇ ಜಾರಿಸತೊಡಗುತ್ತದೆ, ದ್ವಿಚಕ್ರ ವಾಹನಗಳನ್ನು ಬೀಳಿಸುತ್ತದೆ. ಅದನ್ನು ಗುಡಿಸಿ, ಚರಂಡಿಗೆ ಇಳಿದುದನ್ನು ಎತ್ತಿ, ತಿರುವಿನ ಪಕ್ಕದ ಜಾಗಕ್ಕೆ ಹಾಕಬೇಕು. ಮಳೆಗಾಲಕ್ಕೆ ಮುನ್ನ ಇಷ್ಟು ಆಗದಿದ್ದರೆ ಮರಳು ಚರಂಡಿಯಲ್ಲೇ ಉಳಿಯುತ್ತದೆ, ಅಕ್ಟೋಬರಿನಲ್ಲಿ ಗುದ್ದಲಿ ಹಿಡಿಯುವವನ ಕೆಲಸ ಇಮ್ಮಡಿಯಾಗುತ್ತದೆ.